ವರದಿಯ ಕೊನೆಯ ಸಾಲಿನಲ್ಲಿ ಮುಗಿದುಹೋಗುವ ಮನೆ

ಮಾನ್ಯ ಸಂಪಾದಕರಿಗೆ,

ಕಳೆದ ಭಾನುವಾರದ ತಮ್ಮ ಪುರವಣಿಯಲ್ಲಿ ಕ್ರೈಸ್ತ ದಂಪತಿಯೊಬ್ಬರ ಒಂದು ವರ್ಷದ ಸೇವೆ ಮತ್ತು ಪ್ರವಾಸಗಳ ಕುರಿತು ಪ್ರಕಟವಾದ ಬರಹವನ್ನು ನಾನೂ ನನ್ನ ಪತಿಯೂ ಒಟ್ಟಿಗೆ ಕುಳಿತು ಓದಿದೆವು. ಅವರು ಹೋಗಿಬಂದ ಊರುಗಳು, ನಡೆಸಿಕೊಟ್ಟ ಕೂಟಗಳು, ಭೇಟಿಯಾದ ಕುಟುಂಬಗಳು ಎಲ್ಲವನ್ನೂ ಅದರಲ್ಲಿ ಅಚ್ಚುಕಟ್ಟಾಗಿ ವಿವರಿಸಲಾಗಿತ್ತು. ಓದಿ ನಮಗೆ ನಿಜವಾಗಿಯೂ ಸಂತೋಷವಾಯಿತು. ಆದರೆ "ಮಕ್ಕಳು ದೇವರ ಕೃಪೆಯಿಂದ ಕ್ಷೇಮವಾಗಿದ್ದಾರೆ" ಎಂಬ ಒಂದೇ ಸಾಲಿನಲ್ಲಿ ಅವರ ಮನೆಯ ವಿಷಯ ಮುಗಿದುಹೋಗಿದ್ದನ್ನು ಕಂಡು ನಾವಿಬ್ಬರೂ ಮುಖಮುಖ ನೋಡಿಕೊಂಡೆವು. ಹತ್ತೊಂಬತ್ತು ವರ್ಷಗಳಿಂದ ನಾವು ನಮ್ಮ ಸೇವೆಗೆ ಕಾಣಿಕೆ ಕೊಡುವ ಬೆಂಬಲಿಗರಿಗೆ ಬರೆಯುವ ವಾರ್ಷಿಕ ಪತ್ರವೂ ಹೆಚ್ಚುಕಡಿಮೆ ಇದೇ ಸಾಲಿನಿಂದ ಮುಗಿಯುತ್ತ ಬಂದಿದೆ. ಆ ಸಾಲಿನ ಹಿಂದೆ ಏನಿರುತ್ತದೆ ಎಂಬುದನ್ನು ಬಲ್ಲವಳಾದ್ದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ನನ್ನ ಪತಿ ಒಂದೇ ಸಭೆಗೆ, ಅಂದರೆ ಒಂದೇ ಚರ್ಚಿಗೆ, ಸೇರಿದ ಪಾಲಕರಲ್ಲ. ಕರೆದ ಸಭೆಗಳಿಗೆ ಹೋಗಿ ಮೂರು ದಿನವೋ ಐದು ದಿನವೋ ಉಳಿದು ವಾಕ್ಯ ಬೋಧಿಸುವುದು, ಹೊಸದಾಗಿ ಸೇವೆಗೆ ಬಂದವರಿಗೆ ತರಬೇತಿ ಕೊಡುವುದು ಅವರ ಕೆಲಸ. ದಂಪತಿಗಳ ಕೂಟಗಳಿದ್ದಾಗ ನಾನೂ ಜೊತೆಗೆ ಹೋಗುತ್ತೇನೆ. ಉಳಿದಂತೆ ಮನೆಯಲ್ಲಿದ್ದುಕೊಂಡು ಸ್ತ್ರೀಯರ ಪ್ರಾರ್ಥನಾ ಕೂಟವನ್ನು ನಡೆಸುತ್ತೇನೆ. ಹೋದ ವರ್ಷ ಅವರು ಮನೆಯಿಂದ ಹೊರಗೆ ಕಳೆದ ರಾತ್ರಿಗಳು 146. ಅವುಗಳಲ್ಲಿ ನಾನು ಜೊತೆಗಿದ್ದದ್ದು 31 ರಾತ್ರಿ ಮಾತ್ರ. ಈ ಲೆಕ್ಕವನ್ನು ಇಟ್ಟವಳು ನಾನಲ್ಲ, ನಮ್ಮ ಹನ್ನೊಂದು ವರ್ಷದ ಮಗಳು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಪ್ಪ ಇಲ್ಲದ ದಿನಗಳಿಗೆ ಪೆನ್ಸಿಲಿನಿಂದ ಸುತ್ತು ಹಾಕುತ್ತ ಬಂದಿದ್ದಳು.

ಆ ಮಗುವಿಗೆ ಇನ್ನೊಂದು ಅಭ್ಯಾಸವೂ ಇದೆ. ಅಪ್ಪ ಪೆಟ್ಟಿಗೆಗೆ ಬಟ್ಟೆ ಜೋಡಿಸುವಾಗ ಮಂಚದ ಅಂಚಿನಲ್ಲಿ ಕುಳಿತು ಅಂಗಿಗಳನ್ನು ಎಣಿಸುತ್ತಾಳೆ. ಐದು ಅಂಗಿ ಎಂದರೆ ಶುಕ್ರವಾರ, ಮೂರು ಅಂಗಿ ಎಂದರೆ ಬುಧವಾರ ಎಂದು ಅವಳೇ ಹೇಳಿಕೊಳ್ಳುತ್ತಾಳೆ. ಒಮ್ಮೆ ಹೊರಟ ನಾಲ್ಕನೆಯ ದಿನ ಅವರು ಫೋನ್ ಮಾಡಿ, ಒಂದು ಅಂಗಿ ಕಡಿಮೆ ಬಂದಿದೆ, ಇಸ್ತ್ರಿ ಮಾಡಿದ ಮೇಲೆ ಎಲ್ಲಾದರೂ ಬಿಟ್ಟೆಯಾ ಎಂದು ಕೇಳಿದರು. ನಾನು ಹುಡುಕಿದೆ, ಸಿಗಲಿಲ್ಲ. ಎರಡು ವಾರಗಳ ನಂತರ ಮಗಳ ಶಾಲೆಯ ಪುಸ್ತಕಗಳ ಹಿಂದೆ ಅದು ಮಡಿಕೆ ಮುರಿಯದೆ ಸಿಕ್ಕಿತು. ಒಂದು ಅಂಗಿ ತೆಗೆದಿಟ್ಟರೆ ಒಂದು ದಿನ ಮೊದಲೇ ಬರುತ್ತಾರೆ ಎಂದುಕೊಂಡಿದ್ದಳಂತೆ. ಅವಳನ್ನು ಗದರಿಸಲು ನನಗೆ ಬಾಯಿ ಬರಲಿಲ್ಲ. ಅವರಿಗೆ ಹೇಳಲೂ ಒಂದು ತಿಂಗಳು ಬೇಕಾಯಿತು.

ಇದನ್ನು ದೂರಾಗಿ ಹೇಳುತ್ತಿಲ್ಲ. ಈ ಸೇವೆಯನ್ನು ನಾವಿಬ್ಬರೂ ಕೂಡಿ ಆರಿಸಿಕೊಂಡೆವು, ಇಂದಿಗೂ ಅದನ್ನು ಪ್ರೀತಿಸುತ್ತೇವೆ. ಇಬ್ಬರೂ ಜೊತೆಯಾಗಿ ಹೋದ ಆ 31 ದಿನಗಳಲ್ಲಿ ನಡೆದದ್ದು, ಅವರೊಬ್ಬರೇ ಹೋದಾಗ ನಡೆಯುವುದಿಲ್ಲ ಎಂಬುದನ್ನೂ ಕಂಡಿದ್ದೇನೆ. ಒಂದು ದಂಪತಿಗಳ ಕೂಟದಲ್ಲಿ ಮದುವೆಯಾಗಿ ಎರಡು ವರ್ಷವಾಗಿದ್ದ ಜೋಡಿಯೊಂದು ಮೂರು ದಿನವೂ ಹಿಂದಿನ ಸಾಲಿನಲ್ಲಿ ಕುಳಿತು ಯಾರೊಡನೆಯೂ ಮಾತನಾಡದೆ ಎದ್ದುಹೋಗುತ್ತಿತ್ತು. ಕೊನೆಯ ರಾತ್ರಿ ಊಟವಾದ ಮೇಲೆ ಪಾತ್ರೆ ತೊಳೆಯುವಲ್ಲಿ ಆ ಹೆಣ್ಣುಮಗಳು ನನ್ನ ಪಕ್ಕ ಬಂದು ನಿಂತಳು. ಅದೇ ಹೊತ್ತಿಗೆ ಅವಳ ಗಂಡ ನನ್ನ ಪತಿಯೊಡನೆ ಅಂಗಳದಲ್ಲಿ ನಡೆದಾಡುತ್ತಿದ್ದ. ಅವರ ನಡುವೆ ಏನಾಗಿತ್ತೆಂಬುದನ್ನು ಇಲ್ಲಿ ಬರೆಯಲಾಗದು. ಆ ರಾತ್ರಿ ಹನ್ನೊಂದರವರೆಗೂ ನಡೆದ ಎರಡು ಮಾತುಕತೆಗಳು, ಅದಕ್ಕೆ ಮೊದಲು ವೇದಿಕೆಯಿಂದ ನಾವು ಆಡಿದ್ದೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದವು ಎಂದು ಮಾತ್ರ ಹೇಳಬಲ್ಲೆ.

ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಇಂಥ ದಂಪತಿಯೊಬ್ಬರಿದ್ದಾರೆ: ಅಕ್ವಿಲ್ಲ ಮತ್ತು ಪ್ರಿಸ್ಕಿಲ್ಲ. ಕ್ಲೌದ್ಯ ಚಕ್ರವರ್ತಿಯು ಯೆಹೂದ್ಯರನ್ನು ರೋಮಾಪುರದಿಂದ ಹೊರಡಿಸಿದಾಗ ಅವರು ಕೊರಿಂಥಕ್ಕೆ ಬಂದರು. ಅಲ್ಲಿಂದ ಎಫೆಸಕ್ಕೆ ಹೋದರು. ಊರೂರು ತಿರುಗಿ ಸುವಾರ್ತೆ ಸಾರಿದ ಅಪೊಸ್ತಲ ಪೌಲನು ರೋಮಾಪುರದವರಿಗೆ ಪತ್ರ ಬರೆಯುವ ಹೊತ್ತಿಗೆ ಮತ್ತೆ ಅಲ್ಲಿಗೇ ಮರಳಿದ್ದರು. ಇಷ್ಟು ಅಲೆದಾಟದ ನಡುವೆಯೂ ಗುಡಾರ ಹೊಲಿಯುವ ತಮ್ಮ ಕಸುಬನ್ನು ಅವರು ಬಿಡಲಿಲ್ಲ, ಮನೆಯ ಬಾಗಿಲನ್ನೂ ಮುಚ್ಚಲಿಲ್ಲ. ಪೌಲನು ಕೊರಿಂಥದಲ್ಲಿ ಅವರ ಮನೆಯಲ್ಲೇ ಇಳಿದುಕೊಂಡು ಅವರೊಡನೆ ದುಡಿದನು. ವಾಕ್ಚತುರ ಬೋಧಕನಾಗಿದ್ದ ಅಪೊಲ್ಲೋಸನನ್ನು ಇಬ್ಬರೂ ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸ್ಪಷ್ಟವಾಗಿ ತಿಳಿಸಿಕೊಟ್ಟರು. ಅವರ ಮನೆಯಲ್ಲಿ ಸಭೆ ಕೂಡುತ್ತಿತ್ತೆಂಬ ಮಾತು ಎರಡು ಪತ್ರಗಳಲ್ಲಿದೆ. ಅವರ ಹೆಸರುಗಳು ಒಟ್ಟು ಆರು ಕಡೆ ಬರುತ್ತವೆ, ಒಂದು ಕಡೆಯಲ್ಲೂ ಒಬ್ಬರನ್ನು ಬಿಟ್ಟು ಇನ್ನೊಬ್ಬರ ಹೆಸರಿಲ್ಲ. ಯೇಸುವಿನ ಶಿಷ್ಯನಾದ ಪೇತ್ರನೂ ಆ ಕರ್ತನ ಸಹೋದರರೂ ತಮ್ಮ ಪತ್ನಿಯರನ್ನು ಜೊತೆಗೆ ಕರೆದುಕೊಂಡು ಸಂಚರಿಸುತ್ತಿದ್ದರೆಂಬುದನ್ನು ಪೌಲನೇ ಕೊರಿಂಥದವರಿಗೆ ನೆನಪಿಸುತ್ತಾನೆ. ಹೀಗಿರುವಾಗ ಬೋಧಕರನ್ನು ಒಂಟಿಯಾಗಿ ಕರೆಸಿ ಒಂಟಿಯಾಗಿ ಕಳುಹಿಸುವ ಪದ್ಧತಿ ನಮ್ಮಲ್ಲಿ ಎಲ್ಲಿಂದ ಬಂತು? ಹೆಚ್ಚಿನ ಕಡೆಗಳಲ್ಲಿ ಕಾರಣ ಇನ್ನೊಂದು ಟಿಕೆಟಿನ ಖರ್ಚು, ಅಷ್ಟೇ.

ಆಗಸ್ಟ್ ತಿಂಗಳಲ್ಲಿ ನಮ್ಮ ಅತ್ತೆಯವರು ಬಚ್ಚಲಲ್ಲಿ ಜಾರಿ ಬಿದ್ದರು. ಅವರಿಗೆ ಎಂಬತ್ತೊಂದು ವರ್ಷ. ಸೊಂಟದ ಮೂಳೆ ಮುರಿದಿದೆ, ಮರುದಿನವೇ ಶಸ್ತ್ರಚಿಕಿತ್ಸೆ ಮಾಡಬೇಕು ಎಂದು ವೈದ್ಯರು ಹೇಳಿದರು. ನನ್ನ ಪತಿ ಆಗ ನಾಲ್ಕು ದಿನಗಳ ಸಮ್ಮೇಳನವೊಂದರ ಮುಖ್ಯ ಬೋಧಕರಾಗಿ ರಾತ್ರಿಯ ಪ್ರಯಾಣದಷ್ಟು ದೂರದಲ್ಲಿದ್ದರು; ಇನ್ನೂ ಒಂದು ದಿನದ ಕೂಟ ಉಳಿದಿತ್ತು. ಸಂಘಟಕರು ಕೆಟ್ಟವರಲ್ಲ. ಎಲ್ಲರೂ ಸೇರಿ ಅತ್ತೆಯವರಿಗಾಗಿ ಪ್ರಾರ್ಥಿಸಿದರು, ಆಮೇಲೆ, ಇಷ್ಟು ಜನ ಬಂದಿದ್ದಾರೆ, ಕೊನೆಯ ದಿನವನ್ನು ಮುಗಿಸಿಕೊಟ್ಟೇ ಹೊರಡಿ ಎಂದು ಕೇಳಿಕೊಂಡರು. ನನ್ನ ಪತಿ ಉಳಿದರು. ಅತ್ತೆಯವರನ್ನು ಒಳಗೆ ಕರೆದೊಯ್ಯುವ ಮೊದಲು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದವಳು ನಾನು, ಹೊರಗೆ ಬೆಂಚಿನ ಮೇಲೆ ನನ್ನ ಜೊತೆ ಕುಳಿತಿದ್ದವನು ಹದಿನೈದು ವರ್ಷದ ಮಗ. ಮಾರನೆಯ ದಿನ ಮಧ್ಯಾಹ್ನ ನನ್ನ ಪತಿ ಬಂದಾಗ ಅತ್ತೆಯವರು ಒಂದು ಮಾತೂ ಆಡಲಿಲ್ಲ, ಅವರ ಕೈ ಹಿಡಿದುಕೊಂಡು ಮಲಗಿದ್ದರು. ನನ್ನ ಪತಿ ಆ ಮೌನವನ್ನು ಇನ್ನೂ ಮರೆತಿಲ್ಲ. ನಮ್ಮ ವಾರ್ಷಿಕ ಪತ್ರದ ಮೊದಲ ಕರಡಿನಲ್ಲಿ ಇದು ಹೀಗೆ ದಾಖಲಾಗಿತ್ತು: "ತಾಯಿಯವರ ಶಸ್ತ್ರಚಿಕಿತ್ಸೆ ತಮ್ಮೆಲ್ಲರ ಪ್ರಾರ್ಥನೆಯಿಂದ ಯಶಸ್ವಿಯಾಯಿತು."

ಆ ಸಂಘಟಕರ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ, ಏಕೆಂದರೆ ಅವರಿಗೆ ಹಾಗೆ ಕೇಳುವ ಧೈರ್ಯ ಕೊಟ್ಟವರು ನಾವೇ. ನಮ್ಮಂಥವರ ಜೀವನ ನಡೆಯುವುದು ಬೆಂಬಲಿಗರ ಕಾಣಿಕೆಯಿಂದ. ಕಾಣಿಕೆ ಕೊಡುವವರಿಗೆ ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು, ಅದು ನ್ಯಾಯವೇ. ಆದರೆ ಆ ಲೆಕ್ಕದಲ್ಲಿ ಎಣಿಕೆಗೆ ಸಿಗುವುದು ಕೂಟಗಳು, ಊರುಗಳು, ಹಾಜರಿದ್ದ ಜನ; ಮನೆಯಲ್ಲಿ ಮಗನ ಪಾಠ ನೋಡಿಕೊಂಡ ಸಂಜೆ ಎಣಿಕೆಗೆ ಸಿಗುವುದಿಲ್ಲ. ಈ ವರ್ಷದ ಸಂಖ್ಯೆ ಹೋದ ವರ್ಷಕ್ಕಿಂತ ಕಡಿಮೆಯಾದರೆ ಓದುವವರು ಏನೆಂದುಕೊಂಡಾರೋ ಎಂಬ ಅಳುಕು ಬರೆಯುವವರಿಗೆ ಇದ್ದೇ ಇರುತ್ತದೆ. ಹಾಗಾಗಿ ಸಂಖ್ಯೆ ಬೆಳೆಯುತ್ತದೆ, ಮನೆಯ ಸಾಲು ಕುಗ್ಗುತ್ತದೆ, ದಣಿವನ್ನು ಯಾರೂ ಬರೆಯುವುದಿಲ್ಲ. ಓದಿದವರು ಈ ಮನೆಯಲ್ಲಿ ಎಲ್ಲವೂ ಸರಿಯಾಗಿದೆ ಎಂದು ನಂಬಿ ಮುಂದಿನ ವರ್ಷಕ್ಕೆ ಇನ್ನೆರಡು ದಿನಾಂಕಗಳನ್ನು ಕೇಳುತ್ತಾರೆ.

ಇದು ಇಂದಿನ ಸಮಸ್ಯೆಯೂ ಅಲ್ಲ. 1817ರಲ್ಲಿ ಕನ್ನಡ ವ್ಯಾಕರಣವನ್ನು ಅಚ್ಚು ಹಾಕಿಸಿದ ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿಯವರ ಹೆಸರನ್ನು ತಮ್ಮ ಓದುಗರಲ್ಲಿ ಹಲವರು ಕೇಳಿರುತ್ತಾರೆ. 1793ರಲ್ಲಿ ಅವರು ಭಾರತಕ್ಕೆ ಹೊರಟಾಗ ಅವರ ಪತ್ನಿ ಡೊರೋಥಿ ಬರಲು ಮೊದಲು ಒಪ್ಪಿರಲಿಲ್ಲ. ಹಡಗು ತಡವಾದ್ದರಿಂದ ಮತ್ತೆ ಬಂದು ಒತ್ತಾಯಿಸಿದಾಗ, ತಂಗಿಯೂ ಜೊತೆಗೆ ಬರುವುದಾದರೆ ಎಂದು ಒಪ್ಪಿ, ಕೆಲವೇ ವಾರಗಳ ಕೂಸನ್ನು ಎತ್ತಿಕೊಂಡು ಹೊರಟರು. ಮರುವರ್ಷ ಅವರ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಆ ದುಃಖದ ನಂತರ ಡೊರೋಥಿಯವರ ಮನಸ್ಸು ಸ್ಥಿಮಿತಕ್ಕೆ ಬರಲೇ ಇಲ್ಲ. 1807ರಲ್ಲಿ ಅವರು ಕಣ್ಮುಚ್ಚಿದರು. ಕೇರಿಯವರ ಅನುವಾದಗಳನ್ನು ಎಣಿಸುವವರು ಅನೇಕರಿದ್ದಾರೆ, ಡೊರೋಥಿಯವರು ಪಕ್ಕದ ಕೋಣೆಯಲ್ಲಿ ಕಳೆದ ಆ ವರ್ಷಗಳನ್ನು ಎಣಿಸಿದವರು ಬಹಳ ಕಡಿಮೆ. ಸ್ವಿಟ್ಜರ್ಲೆಂಡಿನಿಂದ ನಮ್ಮ ಕರಾವಳಿಗೆ ಬಂದ ಬಾಸೆಲ್ ಮಿಷನ್ನಿನವರ ಮಕ್ಕಳ ಪಾಡೂ ಹೀಗೆಯೇ. ಶಾಲೆಯ ವಯಸ್ಸಿಗೆ ಬಂದ ಮಕ್ಕಳನ್ನು ಯುರೋಪಿಗೆ ಕಳುಹಿಸುವುದು ಅಲ್ಲಿಯ ಪದ್ಧತಿಯಾಗಿತ್ತು. ಆ ಮಿಷನ್ನಿನ ಹರ್ಮನ್ ಗುಂಡರ್ಟ್ ದಂಪತಿಗೆ 1842ರಲ್ಲಿ ಹುಟ್ಟಿದ ಮಗಳು ಮರಿ, ಮುಂದೆ ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿಯಾದವರು, ಚಿಕ್ಕ ಮಗುವಾಗಿದ್ದಾಗಲೇ ಹೆತ್ತವರಿಂದ ದೂರವಾಗಿ ಯುರೋಪಿನಲ್ಲಿ ಬೆಳೆದು, ಮತ್ತೆ ಅವರ ಬಳಿಗೆ ಬಂದದ್ದು 1857ರಲ್ಲಿ. 1894ರ ಕನ್ನಡ-ಇಂಗ್ಲಿಷ್ ನಿಘಂಟಿಗಾಗಿ ನಾವು ದಿನವೂ ನೆನೆಯುವ ಕಿಟೆಲ್ ಅವರು ಮೊದಲ ಪತ್ನಿ ಪೌಲಿನ್ ಅವರನ್ನು ಕಳೆದುಕೊಂಡು, ಅವರ ಸಹೋದರಿ ಯೂಲಿಯವರನ್ನು ಮದುವೆಯಾದರು. ನಿಘಂಟಿನ ಸಾವಿರಾರು ಪದಗಳ ಹಿಂದೆ ಆ ಇಬ್ಬರು ಹೆಂಗಸರ ಮನೆವಾರ್ತೆಯೂ ಇತ್ತೆಂದು ನಾನು ನಂಬುತ್ತೇನೆ.

ಬೈಬಲಿನ ಧರ್ಮೋಪದೇಶಕಾಂಡದಲ್ಲಿ ಒಂದು ನಿಯಮವಿದೆ. ಹೊಸದಾಗಿ ಮದುವೆಯಾದವನನ್ನು ಯುದ್ಧಕ್ಕೆ ಕಳುಹಿಸಬಾರದು, ಅವನ ಮೇಲೆ ಬೇರೆ ಯಾವ ಕೆಲಸವನ್ನೂ ಹೊರಿಸಬಾರದು, ಒಂದು ವರ್ಷ ಅವನು ಮನೆಯಲ್ಲಿದ್ದು ಹೆಂಡತಿಯನ್ನು ಸಂತೋಷಪಡಿಸಬೇಕು. ಯುದ್ಧಕ್ಕೇ ಹೋಗದಿರುವಷ್ಟು ಬಿಡುವನ್ನು ಮನೆಗೆ ಕೊಟ್ಟ ದೇವರು, ಸಮ್ಮೇಳನದ ಕೊನೆಯ ದಿನವನ್ನು ಬಿಟ್ಟುಬರಲು ಅಪ್ಪಣೆ ಕೊಡದೆ ಇರುವನೇ? ತನ್ನ ಮನೆಯನ್ನು ನೋಡಿಕೊಳ್ಳಲು ತಿಳಿಯದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು ಎಂದು ತಿಮೊಥೆಯನಿಗೆ ಬರೆದ ಪತ್ರ ಕೇಳುತ್ತದೆ. ಆ ವಚನವನ್ನು ಬೋಧಕರ ಮಕ್ಕಳು ತಪ್ಪು ಮಾಡಿದಾಗ ಎತ್ತಿ ಆಡುವವರನ್ನು ಬಹಳ ಕಂಡಿದ್ದೇನೆ. ಬೋಧಕರು ಮನೆಯಲ್ಲಿ ಇರುವಂತೆ ಮಾಡಲು ಅದನ್ನು ಬಳಸಿದವರನ್ನು ಇನ್ನೂ ಕಂಡಿಲ್ಲ.

ಆದ್ದರಿಂದ ಕೂಟಗಳನ್ನು ಏರ್ಪಡಿಸುವ ಸಭೆಗಳವರಲ್ಲಿ ನನ್ನ ಬೇಡಿಕೆ ಇಷ್ಟು. ದಿನಾಂಕ ನಿಗದಿ ಮಾಡುವ ಮೊದಲು ಬೋಧಕರೊಬ್ಬರನ್ನೇ ಕೇಳಬೇಡಿ, ಅವರ ಪತ್ನಿಯನ್ನೂ ಕೇಳಿ. ಮನೆಯಲ್ಲಿ ಯಾರಿಗೆ ಪರೀಕ್ಷೆ, ಯಾರಿಗೆ ಕಾಯಿಲೆ ಎಂಬುದು ಅವಳಿಗೆ ಗೊತ್ತಿರುತ್ತದೆ. ಸಾಧ್ಯವಾದಾಗಲೆಲ್ಲ ಇಬ್ಬರನ್ನೂ ಕರೆಯಿರಿ, ಇಬ್ಬರ ಪ್ರಯಾಣದ ವೆಚ್ಚವನ್ನೂ ನಿಮ್ಮ ಲೆಕ್ಕದಲ್ಲಿ ಮೊದಲೇ ಸೇರಿಸಿ, ಅದಕ್ಕಾಗಿ ಐದು ದಿನದ ಕೂಟ ನಾಲ್ಕು ದಿನಕ್ಕೆ ಇಳಿದರೆ ಇಳಿಯಲಿ. ಮನೆಯಿಂದ ಕೆಟ್ಟ ಸುದ್ದಿ ಬಂದಾಗ ಬೋಧಕರಿಗೆ ನಿರ್ಧಾರದ ಹೊರೆಯನ್ನು ಹೊರಿಸದೆ, ನೀವೇ ಅವರ ಪೆಟ್ಟಿಗೆಯನ್ನು ತಂದು ವಾಹನದಲ್ಲಿಡಿ. ಉಳಿದ ಕೂಟವನ್ನು ನಿಮ್ಮ ಸಭೆಯ ಹಿರಿಯರು ನಡೆಸಬಲ್ಲರು. ಬೆಂಬಲಿಗರಲ್ಲಿ ಕೇಳುವುದು ಇನ್ನೂ ಕಡಿಮೆ: ನಮ್ಮ ಪತ್ರಗಳಿಗೆ ಉತ್ತರ ಬರೆಯುವಾಗ ಒಮ್ಮೆಯಾದರೂ, ಈ ವರ್ಷ ಎಷ್ಟು ದಿನ ಒಟ್ಟಿಗೆ ಮನೆಯಲ್ಲಿದ್ದಿರಿ ಎಂದು ವಿಚಾರಿಸಿ. ನಮ್ಮ ಹತ್ತೊಂಬತ್ತು ವರ್ಷಗಳಲ್ಲಿ ಹಾಗೆ ಕೇಳಿದವರು ಒಬ್ಬರೇ, ಅವರೂ ಬೋಧಕರೊಬ್ಬರ ಮಗಳು.

ನಮ್ಮಂಥ ದಂಪತಿಗಳಿಗೂ ಒಂದು ಮಾತು ಹೇಳಬೇಕಿದೆ, ಅದನ್ನು ಮೊದಲು ನನಗೇ ಹೇಳಿಕೊಳ್ಳುತ್ತೇನೆ. ಕ್ಷೇಮವಾಗಿದ್ದೇವೆ ಎಂದು ಬರೆಯುವುದು ಸುಳ್ಳಲ್ಲದಿರಬಹುದು, ಆದರೆ ಅದರಲ್ಲಿ ಪ್ರಾರ್ಥಿಸಲು ಏನೂ ಉಳಿದಿರುವುದಿಲ್ಲ. ಪೌಲನು ತನ್ನ ಪತ್ರಗಳಲ್ಲಿ ಹಸಿವು, ಚಳಿ, ಹಡಗು ಒಡೆದದ್ದು, ಬದುಕುವ ಆಸೆಯನ್ನೇ ಬಿಟ್ಟದ್ದು ಎಲ್ಲವನ್ನೂ ಮುಚ್ಚಿಡದೆ ಬರೆದನು. ಅದನ್ನು ಓದಿದ ಸಭೆಗಳು ಅವನನ್ನು ಕೈಬಿಡಲಿಲ್ಲ.

ಈ ಸಲದ ವಾರ್ಷಿಕ ಪತ್ರವನ್ನು ನಾವು ಹಳೆಯ ಕರಡು ಹರಿದು ಹೊಸದಾಗಿ ಬರೆದಿದ್ದೇವೆ. ಮುಂದಿನ ವರ್ಷದ ಜೂನ್ ತಿಂಗಳನ್ನು ಪೂರ್ತಿಯಾಗಿ ಮನೆಗೆ ಇಟ್ಟುಕೊಂಡಿರುವುದಾಗಿ ಅದರಲ್ಲಿ ತಿಳಿಸಿದ್ದೇವೆ. ಆ ತಿಂಗಳಿಗೆ ಮೊದಲೇ ಒಪ್ಪಿಕೊಂಡಿದ್ದ ಎರಡು ಸಭೆಗಳಿಗೆ ನನ್ನ ಪತಿ ಕ್ಷಮೆ ಕೋರಿ ಬರೆದಿದ್ದಾರೆ. ಒಂದು ಸಭೆಯವರು ಪ್ರೀತಿಯಿಂದ ಒಪ್ಪಿದ್ದಾರೆ, ಇನ್ನೊಂದರಿಂದ ಉತ್ತರ ಬರಬೇಕಿದೆ. ಪತ್ರದ ಮೊದಲ ಪುಟದಲ್ಲೇ ಆಗಸ್ಟ್ ತಿಂಗಳ ಸಂಗತಿ ಇದೆ, ಆ ದಿನ ತಾವು ಇದ್ದದ್ದೆಲ್ಲಿ, ಇರಬೇಕಿದ್ದದ್ದೆಲ್ಲಿ ಎಂಬುದನ್ನು ನನ್ನ ಪತಿಯೇ ತಮ್ಮ ಮಾತಿನಲ್ಲಿ ಬರೆದಿದ್ದಾರೆ. ಕಳುಹಿಸುವ ಮೊದಲು ಅತ್ತೆಯವರಿಗೆ ಓದಿ ಹೇಳಿದೆವು. ಅವರು ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದರು. ಆಮೇಲೆ, "ನನ್ನನ್ನು ಒಳಗೆ ಕರೆದುಕೊಂಡು ಹೋದದ್ದು ಶುಕ್ರವಾರ ಅಲ್ಲ ಕಣಪ್ಪ, ಗುರುವಾರ" ಎಂದರು. ಅದನ್ನು ತಿದ್ದಿ ಪತ್ರ ಕಳುಹಿಸಿದೆವು.

ಇತಿ ತಮ್ಮ ವಿಶ್ವಾಸಿ,
ಸಂಚಾರಿ ಬೋಧಕರೊಬ್ಬರ ಪತ್ನಿ