ಸೊಲ್ಲು ಹಿಡಿಯೋರು ಯಾರು?

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಒಲೆ ಮೇಲೆ ಹಾಲಿದೆ, ಉಕ್ಕುತ್ತೆ ಅಂತ ಹೇಳಿ ಇಟ್ಟುಬಿಟ್ಟೆ. ಹಾಲೂ ಇರಲಿಲ್ಲ, ಒಲೆಯೂ ಹಚ್ಚಿರಲಿಲ್ಲ. "ಅಮ್ಮಾ, ಅಜ್ಜಿ ದನಿ ನಂಗೆ ಮರೆತು ಹೋಗ್ತಿದೆ" ಅಂದೆಯಲ್ಲ, ಅದಕ್ಕೆ ಏನು ಹೇಳಬೇಕೋ ತಿಳಿಯಲಿಲ್ಲ.

ರಾತ್ರಿ ನಿಮ್ಮಪ್ಪನ ಹಳೇ ಮೊಬೈಲ್ ಹುಡುಕಿ ಚಾರ್ಜಿಗೆ ಹಾಕಿದೆ. ಅದರಲ್ಲಿ ಒಂದೇ ಒಂದು ರೆಕಾರ್ಡಿಂಗ್ ಇದೆ. ಕಾಲೇಜು ರಜೆಯಲ್ಲಿ ನೀನೇ ಮಾಡಿದ್ದು. ಹಸೆ ಹಾಡು ಹೇಳು ಅಂತ ಗೋಗರೆಯುತ್ತಿದ್ದೀಯ. ಅಜ್ಜಿ "ಇದು ಶುರುವಾಯ್ತಾ? ಕೆಂಪು ಚುಕ್ಕಿ ಬಂತಾ?" ಅಂತ ಎರಡು ಸಲ ಕೇಳುತ್ತಾರೆ. ಆಮೇಲೆ "ಒಬ್ಬಳೇ ಹೇಳೋ ಹಾಡಲ್ಲ ಮಗಾ ಇದು. ನಾ ಎತ್ತಿದರೆ ಸೊಲ್ಲು ಹಿಡಿಯೋರು ಯಾರು?" ಅನ್ನುತ್ತಾರೆ. ಹಿಂದೆ ಒಂದು ಕೋಳಿ ಕೂಗುತ್ತೆ. ನೀನು ನಗುತ್ತೀಯ. ಅಲ್ಲಿಗೆ ಮುಗಿಯಿತು. ನಲವತ್ತು ಸೆಕೆಂಡು. ಹಾಡು ಒಂದು ಸಾಲೂ ಇಲ್ಲ.

ಅದನ್ನು ನಿನಗೆ ಕಳಿಸಿದ್ದೇನೆ. ಆದರೆ ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. ಅದಕ್ಕೇ ಈ ಪತ್ರ.

ನಿನಗೆ ಅವರು ಅಜ್ಜಿ. ನನಗೆ ಅತ್ತೆ. ಎರಡೂ ಒಂದೇ ಅಲ್ಲ ನೋಡು. ನಿನಗೆ ಸಿಕ್ಕಿದ್ದು ಮಡಿಲು, ನನಗೆ ಮೊದಲು ಸಿಕ್ಕಿದ್ದು ಅಡುಗೆ ಮನೆ. ಆದರೂ ಶುರುವಾಗಿದ್ದು ಲಾಂಚಿನ ಮೇಲೆ. ಮದುವೆ ಮುಗಿಸಿ ದಿಬ್ಬಣದವರ ಜೊತೆ ಹೊಳೆಬಾಗಿಲಿಗೆ ಬಂದಾಗ ಸಂಜೆಯಾಗಿತ್ತು. ಅಂಬಾರಗೋಡ್ಲಿನಿಂದ ಕಳಸವಳ್ಳಿ ದಡಕ್ಕೆ ದಾಟಬೇಕು. ನಾನು ಸಾಗರ ಪೇಟೆ ಹತ್ತಿರ ಬೆಳೆದವಳು, ನೀರು ಅಂದರೆ ಕೊಡದಲ್ಲಿ ಕಂಡಿದ್ದೇ ಜಾಸ್ತಿ. ಲಾಂಚ್ ಅಲುಗಾಡಿದ ಕೂಡಲೇ ಕೈ ತಣ್ಣಗಾಯಿತು. ಅತ್ತೆ ಪಕ್ಕಕ್ಕೆ ಬಂದು ಕೂತು, "ನೀರು ನೋಡಬೇಡ. ನನ್ನ ಬಾಯಿ ನೋಡು" ಅಂದರು. ಹಾಡು ಎತ್ತಿದರು. ನಮ್ಮ ಕಡೆ ಹೆಂಗಸರು ಸೊಲ್ಲು ಹಿಡಿದು ಹಿಂದೆ ಹೇಳಿದರು. ನಡು ನೀರಿಗೆ ಬರುವಷ್ಟರಲ್ಲಿ ಸಿಗಂದೂರಿಗೆ ಹೊರಟಿದ್ದ ಯಾವುದೋ ವ್ಯಾನಿನ ಹೆಂಗಸರೂ ಇಳಿದು ಬಂದು ಸೇರಿಕೊಂಡರು. ಅವರಿಗೆ ಹಾಡು ಗೊತ್ತಿರಲಿಲ್ಲ. ಕೊನೇ ಅಕ್ಷರ ಮಾತ್ರ ಜೋರಾಗಿ ಎಳೆಯುತ್ತಿದ್ದರು.

ಆಮೇಲಿನದ್ದೆಲ್ಲ ಹಾಡಾಗಿರಲಿಲ್ಲ ಬಿಡು. ಕೊನೇ ಲಾಂಚ್ ತಪ್ಪಿಸಿಕೊಂಡವರು, ಕೊನೇ ಲಾಂಚಿಗೆ ಬಂದು ಮುಂದೆ ಬಸ್ಸಿಲ್ಲದವರು, ಎಲ್ಲರಿಗೂ ನಮ್ಮ ಮನೆ ಜಗಲಿ. ಕತ್ತಲಾದ ಮೇಲೆ ಅಂಗಳದಲ್ಲಿ ಟಾರ್ಚಿನ ಬೆಳಕು ಕಂಡರೆ ಸಾಕು, ಅತ್ತೆ ಒಳಗೆ ಬಂದು "ಇನ್ನೆರಡು ಪಾವು ಅಕ್ಕಿ ಹಾಕೇ" ಅನ್ನುತ್ತಿದ್ದರು. ಬಂದವರ ಊರು, ಮಕ್ಕಳು, ದನ, ಬಾವಿ ನೀರು ಎಲ್ಲ ವಿಚಾರಿಸೋದು ಅವರು. ಅನ್ನ ಬಸಿಯೋದು ನಾನು. ನೀನು ಹೊಟ್ಟೆಯಲ್ಲಿದ್ದಾಗ ಒಂದು ದಿನ ತಡೆಯಲಾರದೆ, "ಇದು ಮನೆಯೋ ಹೋಟೆಲ್ಲೋ?" ಅಂತ ಕೇಳೇಬಿಟ್ಟೆ. ಅವರು ಮಾತಾಡಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ರಾತ್ರಿಯ ಪಾತ್ರೆಯೆಲ್ಲ ತೊಳೆದು ಬೋರಲು ಹಾಕಿತ್ತು. ಅತ್ತೆ ಬಚ್ಚಲ ಬಾಗಿಲಲ್ಲಿ ನಿಂತು ಕೈ ಚಾಚಿ, "ಹೋಟೆಲ್ಲಿನ ಪಾತ್ರೆ ತೊಳೆದಿದ್ದೀನಿ, ಸಂಬಳ ಕೊಡು" ಅಂದರು. ನನಗೆ ಸಿಟ್ಟೇ ಇತ್ತು, ಆದರೂ ನಗು ಬಂತು. ಆ ದಿನದಿಂದ ಪಾತ್ರೆ ಅವರ ಪಾಲಿಗಾಯಿತು. ಜನ ಬರೋದು ಮಾತ್ರ ಕಡಿಮೆಯಾಗಲಿಲ್ಲ.

ಊರವರನ್ನು ಯಾಕೆ ಹಾಗೆ ಒಳಗೆ ಕರೆಯುತ್ತಿದ್ದರು ಅಂತ ನನಗೆ ಸ್ವಲ್ಪ ಅಂದಾಜಾಗಿದ್ದು ಬಹಳ ವರ್ಷ ಕಳೆದ ಮೇಲೆ. ಒಂದು ಬೇಸಿಗೆಯಲ್ಲಿ ಹೊಳೆ ತುಂಬಾ ಇಳಿದಿತ್ತು. ಮಡೆನೂರಿನ ಹಳೇ ಅಣೆಕಟ್ಟು ಎದ್ದು ಕಂಡಿತ್ತಲ್ಲ, ನೀನು ಅದರ ಮೇಲೆ ಓಡಾಡಿದ್ದೆ, ನೆನಪಿರಬಹುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಶರಾವತಿ ನೀರು ಹಿಂದಕ್ಕೆ ತುಂಬಿ ಆ ಹಳೇ ಅಣೆಕಟ್ಟನ್ನೇ ನುಂಗಿತು. ಅದರ ಜೊತೆ ಅತ್ತೆಯ ತವರನ್ನೂ. ಆಗ ಅವರಿಗೆ ಹತ್ತು ವರ್ಷ. ಅವತ್ತು ನಮ್ಮನ್ನೆಲ್ಲ ಬಿರುಕು ಬಿಟ್ಟ ಕೆಸರಿನ ಮೇಲೆ ನಡೆಸಿಕೊಂಡು ಹೋಗಿ, ಏನೂ ಇಲ್ಲದ ಒಂದು ಜಾಗದಲ್ಲಿ ನಿಂತರು. ಇಲ್ಲಿ ಕಣ, ಅಲ್ಲಿ ಹಲಸಿನ ಮರ, ಇದು ಬಾವಿ ಅಂತ ತೋರಿಸಿದರು. ನನಗೆ ಕಂಡಿದ್ದು ಒಂದೆರಡು ಮರದ ಬೊಡ್ಡೆ ಅಷ್ಟೇ. "ನನ್ನ ತವರು ನೋಡು, ಮಳೆ ಕಮ್ಮಿಯಾದ ವರ್ಷ ಮಾತ್ರ ಬಾಗಿಲು ತೆಗೀತದೆ" ಅಂತ ನಕ್ಕರು. ಒಂದೇ ಕೇರಿಯ ಮನೆಗಳು ಒಂದೊಂದು ದಿಕ್ಕಿಗೆ ಹೋದವಂತೆ. ಸೊಲ್ಲು ಹಿಡಿಯುತ್ತಿದ್ದ ಗೆಳತಿಯರು ಯಾವ ಊರಿನಲ್ಲಿದ್ದಾರೆ ಅಂತ ಕೊನೆಯವರೆಗೂ ಗೊತ್ತಾಗಲಿಲ್ಲವಂತೆ. ಆ ನೀರಿನಿಂದ ಎಲ್ಲೆಲ್ಲಿಗೋ ಕರೆಂಟ್ ಹೋಯಿತು. ಮುಳುಗಿದವರ ಮನೆಯಲ್ಲಿ ಎಷ್ಟೋ ವರ್ಷ ಚಿಮಣಿ ಬುಡ್ಡಿಯೇ. ಇದನ್ನು ಹೇಳುವಾಗ ಮಾತ್ರ ಅವರ ದನಿಯಲ್ಲಿ ನಗು ಇರುತ್ತಿರಲಿಲ್ಲ.

ಲಾಂಚ್ ದಾಟುತ್ತಿದ್ದ ಕಡೆ ಬಂದ ಸೇತುವೆ ವಿಷಯ ನಿನಗೆ ಅರ್ಧ ಗೊತ್ತು. 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಸುಮಾರು ಎರಡೂವರೆ ಕಿಲೋಮೀಟರ್ ಉದ್ದ. ಮಳೆ ಸ್ವಲ್ಪ ಬಿಟ್ಟ ಮೇಲೆ ಅತ್ತೆಯನ್ನು ಬಸ್ಸಿನಲ್ಲಿ ಸಾಗರಕ್ಕೆ ಕರೆದುಕೊಂಡು ಹೋದೆ. ಕಿಟಕಿ ಪಕ್ಕ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದವರು, ಬಸ್ಸು ಸೇತುವೆ ಹತ್ತಿದಾಗ ಕೈ ನಿಲ್ಲಿಸಿದರು. ಬೆರಳು ಮಡಚುತ್ತಾ ಎಣಿಸತೊಡಗಿದರು. ರಾತ್ರಿ ಲಾಂಚಿಲ್ಲದೆ, ನಿಟ್ಟೂರಿನ ಮೇಲೆ ಹೊಸನಗರ ಸುತ್ತಿ ಆಸ್ಪತ್ರೆಗೆ ಹೊರಟು ದಾರಿಯಲ್ಲೇ ಹೋದವರ ಲೆಕ್ಕ ಅದು. ಒಬ್ಬೊಬ್ಬರ ಮನೆ ಹೆಸರು ಹೇಳುತ್ತಿದ್ದರು. ನಾಲ್ಕನೇ ಬೆರಳಿಗೆ ಬಂದು ನಿಲ್ಲಿಸಿ ಹೊರಗೆ ನೋಡಿದರು. ಅಷ್ಟರಲ್ಲಿ ಆಚೆ ದಡ ಬಂತು. ಕೈಯಲ್ಲಿದ್ದ ಎಲೆ ಹಾಗೇ ಇತ್ತು. ಅದನ್ನು ನೋಡಿ, "ಅಯ್ಯೋ, ಎಲೆ ಮಡಚೋದರೊಳಗೆ ದಡ ಬಂದೇಬಿಡ್ತಲ್ಲೇ! ಇನ್ನು ಜನ ಮಾತಾಡೋದು ಯಾವಾಗ?" ಅಂದರು. ಕಂಡಕ್ಟರಿಗೂ ಅದನ್ನೇ ಹೇಳಿದರು. ಅವನಿಗೆ ಅರ್ಥವಾಗಲಿಲ್ಲ. ಚಿಲ್ಲರೆ ಕೇಳಿದ.

ನಾಲ್ಕೇ ತಿಂಗಳಿಗೆ ಅದೇ ಸೇತುವೆ ಮೇಲೆ ರಾತ್ರಿ ಹನ್ನೊಂದಕ್ಕೆ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹೊತ್ತಿಗೆ ಸರಿಯಾಗಿ ತಲುಪಿದೆವು, ಆದರೂ ಉಳಿಯಲಿಲ್ಲ. ಅದರ ಬಗ್ಗೆ ಜಾಸ್ತಿ ಬರೆಯಲ್ಲ, ನೀನೂ ಇದ್ದೆ. ಹನ್ನೊಂದನೇ ದಿನ ಹೆಂಗಸರೆಲ್ಲ ಅವರ ತಮಾಷೆ ನೆನೆಸಿಕೊಂಡು ನಕ್ಕಿದ್ದಕ್ಕೆ ನಿನಗೆ ಬೇಜಾರಾಗಿತ್ತು ಅಲ್ವಾ? ನನಗೂ ಮೊದಲು ಒಂಥರಾ ಆಯಿತು. ಆಮೇಲೆ ನಾನೂ ಪಾತ್ರೆ ಸಂಬಳದ ಕತೆ ಹೇಳಿದೆ.

ಈಗ ನಾನು ನಿಜವಾಗಿ ಹೇಳಬೇಕಿದ್ದ ವಿಷಯ. ಭೂಮಿ ಹುಣ್ಣಿಮೆ ಹತ್ತಿರ ಬಂತು. ವರ್ಷ ತುಂಬಿಲ್ಲ, ಈ ಸಲ ಹಬ್ಬ ಬೇಡ ಅಂತ ನಿಮ್ಮಪ್ಪ ಅಂದರು. ಪಕ್ಕದ ಮನೆ ದೊಡ್ಡಮ್ಮ ಬಂದವರೇ, "ಗದ್ದೆ ಬಸುರಿ ನಿಂತಿದೆ, ಅದರ ಬಯಕೆಗೆ ನಿಮ್ಮ ಸೂತಕ ಕೇಳ್ತದಾ?" ಅಂತ ಬೈದು ಹೋದರು. ಅದೂ ಸರಿಯೇ. ಸಡಗರ ಬೇಡ, ಎಡೆ ಮಾತ್ರ ತಪ್ಪಿಸೋದು ಬೇಡ ಅಂತಾಯಿತು. ರಾತ್ರಿಯೆಲ್ಲ ಕೂತು ಕಂಡ ಕಂಡ ಸೊಪ್ಪು ಬೇಯಿಸಿ ಹಚ್ಚಂಬಲಿ ಮಾಡೋದು, ಬೆಳಕು ಹರಿಯುವ ಮುಂಚೆ ಗದ್ದೆಗೆ ಬೀರೋದು, ಪೈರಿಗೆ ಅತ್ತೆ ತಮ್ಮ ಸರ ತೆಗೆದು ಕಟ್ಟಿ ಪೂಜೆ ಮಾಡೋದು ನಿನಗೆ ಗೊತ್ತೇ ಇದೆ. ಕಾಗೆಗೆ ಒಂದು ಎಡೆ, ಇಲಿಗೆ ಒಂದು ಎಡೆ. ಭತ್ತ ತಿನ್ನೋ ಇಲಿಗೆ ಯಾಕೆ ಅಂತ ನಾನು ಹೊಸದರಲ್ಲಿ ಕೇಳಿದ್ದೆ. "ಹೆಂಗೂ ತಿಂತದೆ. ಕರೆದು ಹಾಕಿದರೆ ನಮಗೆ ಮರ್ಯಾದೆ" ಅಂದಿದ್ದರು.

ಇದೆಲ್ಲ ನಾನು ಮಾಡಬಲ್ಲೆ. ಎಡೆ ಹೊತ್ತೊಯ್ಯೋ ಬುಟ್ಟಿಗೆ ಚಿತ್ತಾರ ಬರೆಯೋದೇ ಕಷ್ಟ. ಭೂಮಣ್ಣಿ ಬುಟ್ಟಿಗೆ ಸೆಗಣಿ ಬಳಿದು, ಕೆಮ್ಮಣ್ಣು ಹಚ್ಚಿ ಒಣಗಿಸಿದ್ದಾಯಿತು. ಅಕ್ಕಿ ಅರೆದು ಬಿಳಿ ಮಾಡಿಕೊಂಡೆ. ಪುಂಡಿ ನಾರಿನ ಕುಂಚ ಅತ್ತೆಯದೇ, ಒಲೆ ಮೇಲಿನ ಗೂಡಿನಲ್ಲಿ ಸಿಕ್ಕಿತು. ತುದಿ ಅವರ ಕೈಗೆ ತಕ್ಕಂತೆ ಒಂದು ಕಡೆಗೆ ಬಾಗಿದೆ. ಮೊದಲ ಎಳೆ ಎಳೆದೆ. ನಡುಗಿತು. ಒರೆಸಿ ಇನ್ನೊಂದು ಎಳೆದೆ, ಅದು ಇನ್ನೂ ಸೊಟ್ಟ. ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಪಕ್ಕದಲ್ಲಿ ಕೂತು ನೋಡಿದ್ದೇನೆ, ಕೈಗೆ ಬಂದಿಲ್ಲ.

ಆಗ ನೆನಪಾಯಿತು, ಅತ್ತೆ ಒಂದು ಬುಟ್ಟಿಯನ್ನೂ ಒಬ್ಬರೇ ಮುಗಿಸಿದವರಲ್ಲ. ದಾರಿಯಲ್ಲಿ ಹೋಗೋ ಹುಡುಗಿಯರನ್ನು ಕರೆದು ಒಬ್ಬೊಬ್ಬರಿಂದ ಒಂದೊಂದು ಎಳೆ ಎಳೆಸುತ್ತಿದ್ದರು. ನೀನು ಐದು ವರ್ಷದವಳಿದ್ದಾಗ ಎರಡು ಎತ್ತುಗಳ ನಡುವೆ ಒಂದು ಗೆರೆ ಎಳೆದಿದ್ದೆ. ಥೇಟ್ ಜರಿಹುಳದ ಹಾಗಿತ್ತು. ನಾನು ಒರೆಸಲು ಹೋದರೆ ಕೈ ಹಿಡಿದರು. ಅದರ ಎರಡೂ ಬದಿಗೆ ಸಣ್ಣ ಸಣ್ಣ ಚುಕ್ಕಿ ಇಟ್ಟರು, ತುದಿಗೆ ಒಂದು ಬಾಗು ಕೊಟ್ಟರು. ಜರಿ ಭತ್ತದ ತೆನೆಯಾಯಿತು. ಗದ್ದೆಗೆ ಹೊತ್ತುಕೊಂಡು ಹೋಗುವಾಗ ನೀನು ಆ ಮಗ್ಗುಲು ಎಲ್ಲರಿಗೂ ಕಾಣೋ ಹಾಗೆ ಹಿಡಿಸಿದ್ದೆ.

ಹಾಗಾಗಿ ಬುಟ್ಟಿಯನ್ನು ಅರ್ಧಕ್ಕೆ ಇಟ್ಟಿದ್ದೇನೆ. ಎತ್ತು ಬರೆದಿದ್ದೇನೆ, ಅವು ನಾಯಿ ಹಾಗೆ ಕಾಣುತ್ತಿವೆ. ನಡುವೆ ಮೂರು ಎಳೆಯಷ್ಟು ಜಾಗ ಖಾಲಿ ಇದೆ. ಹುಣ್ಣಿಮೆಗೆ ಎರಡು ದಿನ ಮುಂಚೆ ಬಂದುಬಿಡು. ರಜೆ ಸಿಗಲ್ಲ ಅಂತ ಶುರು ಮಾಡಬೇಡ. ಈಗ ಲಾಂಚಿಗೆ ಕಾಯೋದೂ ಇಲ್ಲ, ರಾತ್ರಿ ಬಸ್ಸಿಗೆ ಹೊರಟರೆ ಬೆಳಿಗ್ಗೆ ತಿಂಡಿಗೆ ಮನೆಯಲ್ಲಿರುತ್ತೀಯ. ಸಾಗರದಲ್ಲಿ ಇಳಿದಾಗ ಒಂದು ಸುಣ್ಣದ ಡಬ್ಬಿ ತಾ, ಅತ್ತೆಯದು ಒಣಗಿ ಕಲ್ಲಾಗಿದೆ.

ಬಂದ ಮೇಲೆ ಹಾಡು ನಾನು ಎತ್ತುತ್ತೇನೆ. ದನಿ ಅಷ್ಟು ಚೆನ್ನಾಗಿಲ್ಲ, ನಗಬೇಡ.

ನಿನ್ನ
ಅಮ್ಮ