ನಿಜ ವಯಸ್ಸು ಬರೆದವಳು ಗೆರೆಯ ಹೊರಗೆ

ಮಾನ್ಯ ಸಂಪಾದಕರೇ,

ಹೋಬಳಿ ಮಟ್ಟದ ಕ್ರೀಡಾಕೂಟಗಳ ಕಾಲ ಬಂದಿದೆ. ಪ್ರೌಢಶಾಲೆಗಳ ದೈಹಿಕ ಶಿಕ್ಷಣ ಶಿಕ್ಷಕರು ಈಗ ಮಕ್ಕಳ ಫಾರಂ ತುಂಬುತ್ತಿರುತ್ತಾರೆ: ಹೆಸರು, ತಂದೆಯ ಹೆಸರು, ತರಗತಿ, ಸ್ಯಾಟ್ಸ್ (ಶಿಕ್ಷಣ ಇಲಾಖೆ ವಿದ್ಯಾರ್ಥಿಗಳ ವಿವರ ಇಡುವ ಆನ್‌ಲೈನ್ ದಾಖಲೆ) ಸಂಖ್ಯೆ, ಜನ್ಮ ದಿನಾಂಕ. ಮೂವತ್ತೊಂದು ವರ್ಷ ನಾನೂ ಅದನ್ನೇ ಮಾಡಿ 2025ರ ಮೇ 31ರಂದು ನಿವೃತ್ತನಾದೆ. ಆ ಕೊನೆಯ ಸಾಲಿನ ಬಗ್ಗೆ, ಅಂದರೆ ಜನ್ಮ ದಿನಾಂಕದ ಬಗ್ಗೆ, ಸೇವೆಯಲ್ಲಿದ್ದಾಗ ಬಾಯಿಬಿಟ್ಟು ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ನಮ್ಮ ಶಾಲೆಯ ಖೋ ಖೋ ತಂಡದಲ್ಲಿ ಒಬ್ಬ ಹುಡುಗಿ ಇದ್ದಳು. ಹೆಸರು ಬೇಡ. ತಾಂಡಾದವಳು, ಹುಟ್ಟಿದ್ದು 2007ರ ಸೆಪ್ಟೆಂಬರ್‌ನಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ. ಜನನ ಪ್ರಮಾಣಪತ್ರದಲ್ಲಿ ಒಂದಕ್ಷರ ತಿದ್ದುಪಡಿ ಇಲ್ಲ. ನಮ್ಮ ಹರಪನಹಳ್ಳಿ ಸೀಮೆಯ ತಾಂಡಾಗಳಿಂದ ಜನ ಪ್ರತಿವರ್ಷ ಗುಳೆ ಹೋಗುತ್ತಾರೆ. ಕೆಲವರು ಮಂಡ್ಯದ ಕಡೆ ಕಬ್ಬು ಕಡಿಯಲು, ಕೆಲವರು ಮಲೆನಾಡಿನ ಕಾಫಿ ತೋಟಗಳಿಗೆ. ಆಕೆ ಏಳನೇ ತರಗತಿಯಲ್ಲಿದ್ದಾಗ, 2020ರ ಮಾರ್ಚ್‌ನಲ್ಲಿ, ಕೋವಿಡ್ ಬಂದು ಶಾಲೆಗಳು ಮುಚ್ಚಿದವು. ಆ ಹಂಗಾಮಿಗೆ ಅಪ್ಪ ಅವ್ವ ಕಬ್ಬಿಗೆ ಹೊರಟಾಗ ತಮ್ಮನನ್ನು ನೋಡಿಕೊಳ್ಳಲು ಇವಳನ್ನೂ ಕರೆದುಕೊಂಡು ಹೋದರು. ಶಾಲೆ ತೆರೆದ ಮೇಲೂ ಅವಳು ಬರಲಿಲ್ಲ. ಹೀಗೆ ಎರಡು ವರ್ಷ ಕಳೆಯಿತು. 2022ರ ಜೂನ್‌ನಲ್ಲಿ ಮುಖ್ಯ ಶಿಕ್ಷಕರೂ ನಾನೂ ಮೂರು ಸಲ ತಾಂಡಾಕ್ಕೆ ಹೋಗಿ, ಅಜ್ಜಿಯ ಮುಂದೆ ಕುಳಿತು, ಅವಳನ್ನು ಎಂಟನೇ ತರಗತಿಗೆ ಕರೆತಂದೆವು. ಅಜ್ಜಿ ಒಪ್ಪಿದ್ದು ಓದಿನ ಮಾತಿಗಲ್ಲ, ಆಟದ ಮಾತಿಗೆ. ಅವರು ಸಣ್ಣವರಿದ್ದಾಗ ತಾವೂ ಓಡುತ್ತಿದ್ದರಂತೆ.

ಆ ಹುಡುಗಿ ಕಂಬ ತಿರುಗುವುದನ್ನು ನೀವು ನೋಡಬೇಕಿತ್ತು. ಓಟದ ವೇಗ ಒಂದಿಷ್ಟೂ ಕಡಿಮೆಯಾಗದೆ ಒಂದೇ ಕೈಯಲ್ಲಿ ಕಂಬ ಹಿಡಿದು ಆ ಕಡೆಗೆ ಹೊರಳಿ ಬಿಡುತ್ತಿದ್ದಳು. ಎಂಟನೇ ತರಗತಿಯಲ್ಲಿ ತಾಲ್ಲೂಕು ಮಟ್ಟ ಆಡಿದಳು, ಒಂಬತ್ತರಲ್ಲಿ ತಂಡ ಜಿಲ್ಲೆಗೆ ಹೋಯಿತು. ಹತ್ತನೇ ತರಗತಿಗೆ ಬಂದಾಗ ನಾನು ಫಾರಂ ತೆಗೆದುಕೊಂಡು ಲೆಕ್ಕ ಹಾಕಿದೆ. ಪ್ರೌಢಶಾಲೆಯವರು ಆಡುವುದು 17 ವರ್ಷದೊಳಗಿನವರ ವಿಭಾಗದಲ್ಲಿ; ಆ ವರ್ಷದ ಡಿಸೆಂಬರ್ 31ಕ್ಕೆ ಹದಿನೇಳು ತುಂಬಿರಬಾರದು. 2024ರ ಡಿಸೆಂಬರ್ 31ಕ್ಕೆ ಅವಳಿಗೆ ಹದಿನೇಳು ವರ್ಷ ಮೂರು ತಿಂಗಳು. 19 ವರ್ಷದೊಳಗಿನವರ ವಿಭಾಗ ಇದೆಯಲ್ಲ ಎಂದು ವಿಚಾರಿಸಿದೆ. ಅದು ಪದವಿಪೂರ್ವ ಕಾಲೇಜಿನವರದ್ದು, ಹೈಸ್ಕೂಲಿನವರಿಗೆ ಅಲ್ಲಿ ಪ್ರವೇಶವಿಲ್ಲ ಎಂಬ ಉತ್ತರ ಬಂತು. ಹೈಸ್ಕೂಲಿಗೆ ಅವಳು ದೊಡ್ಡವಳು, ಕಾಲೇಜಿಗೆ ಚಿಕ್ಕವಳು.

ಅವಳ ಅಪ್ಪ ಒಂದು ಸಂಜೆ ಶಾಲೆಗೆ ಬಂದು, 'ಸರ್, ವಯಸ್ಸು ಒಂದು ವರ್ಷ ಕಡಿಮೆ ಬರೆಸಿದರೆ ನಡೆಯುತ್ತದಂತಲ್ಲ, ಎಲ್ಲರೂ ಹಾಗೆ ಮಾಡುತ್ತಾರಂತೆ' ಎಂದು ಕೇಳಿದರು. ಕೇಳಿದ್ದರಲ್ಲಿ ಕಪಟವಿರಲಿಲ್ಲ. ಪಡಿತರ ಚೀಟಿಯಲ್ಲಿ ಹೆಸರು ಸೇರಿಸುವಂತೆ ಇದೂ ಒಂದು ಕಾಗದದ ಕೆಲಸ ಎಂದುಕೊಂಡಿದ್ದರು. ನನ್ನ ಜನ್ಮ ದಿನಾಂಕವೂ 1965ರ ಜೂನ್ 1. ನನ್ನ ಓರಗೆಯ ಎಷ್ಟೋ ಮಂದಿಯದ್ದು ಜೂನ್ 1. ಹುಟ್ಟಿದ ದಿನ ಅವ್ವನಿಗೆ ನೆನಪಿರಲಿಲ್ಲ, ಶಾಲೆಗೆ ಸೇರಿಸಿಕೊಂಡ ಮಾಸ್ತರು ತಮಗೆ ತೋಚಿದ್ದನ್ನು ಬರೆದುಕೊಂಡರು. ಅಂಥ ಕಾಗದದ ಮೇಲೆ ಬದುಕು ಕಟ್ಟಿಕೊಂಡ ನಾನು ಆ ತಂದೆಗೆ ಬುದ್ಧಿ ಹೇಳುವುದಾದರೂ ಹೇಗೆ? ಆದರೂ ಆಗುವುದಿಲ್ಲ ಎಂದೆ. ಅವಳಿಗಿರುವ ದಾಖಲೆ ನಿಜವಾದದ್ದು, ಅದನ್ನು ನನ್ನ ಕೈಯಿಂದ ಸುಳ್ಳು ಮಾಡಲಾರೆ ಎಂದೆ.

ತಾಲ್ಲೂಕು ಕ್ರೀಡಾಕೂಟಕ್ಕೆ ಅವಳು ಬಂದಳು. ಬೆಳಿಗ್ಗೆ ನನ್ನ ಜೊತೆ ಸುಣ್ಣದ ಪುಡಿ ಹಿಡಿದು ಅಂಕಣದ ಗೆರೆ ಎಳೆದಳು. ಆಮೇಲೆ ಆ ಗೆರೆಯ ಹೊರಗೆ ಗೆಳತಿಯರ ಚಪ್ಪಲಿ, ನೀರಿನ ಬಾಟಲಿ ಕಾಯುತ್ತ ಕುಳಿತಳು.

ಅದೇ ಮೈದಾನದ ಆ ಕಡೆ ಹುಡುಗರ ಕಬಡ್ಡಿ ನಡೆಯುತ್ತಿತ್ತು. ಒಂದು ತಂಡದ ಹುಡುಗನನ್ನು ನೋಡಿದ ಕೂಡಲೇ ಗುರುತು ಹಿಡಿದೆ. ಮೂರು ವರ್ಷದ ಹಿಂದೆ ಅವನು ಬೇರೊಂದು ಶಾಲೆಯ ಹತ್ತನೇ ತರಗತಿಯವನಾಗಿ ಆಡಿದ್ದ. ಈಗ ಈ ಶಾಲೆಯ ಒಂಬತ್ತನೇ ತರಗತಿಯವನಾಗಿ ನಿಂತಿದ್ದ. ಸಂಘಟಕರ ಬಳಿ ಹೋಗಿ ಹೇಳಿದೆ. ಫಾರಂ ತೆರೆದು ತೋರಿಸಿದರು: ಫೋಟೊ ಇದೆ, ಮುಖ್ಯಸ್ಥರ ಸಹಿ ಇದೆ, ಮೊಹರು ಇದೆ. ಪಂದ್ಯ ಮುಂದುವರಿಯಿತು. ಹೀಗೆ ಗೆದ್ದು ಮೇಲೆ ಹೋದವರಿಗೆ ಪ್ರಮಾಣಪತ್ರ ಸಿಗುತ್ತದೆ, ಆ ಪ್ರಮಾಣಪತ್ರಕ್ಕೆ ವೃತ್ತಿಶಿಕ್ಷಣದ ಸೀಟಿನ ಕ್ರೀಡಾ ಕೋಟಾದಲ್ಲಿ, ನೌಕರಿಯಲ್ಲಿ ಬೆಲೆಯಿದೆ. ಸುಳ್ಳಿಗೆ ಇಷ್ಟು ಲಾಭವಿರುವಾಗ ಮೊಹರಿನಿಂದ ಅದನ್ನು ತಡೆಯಬಹುದೇ?

ಹಾಗೆಂದು ಕಣ್ಣಳತೆಯನ್ನು ನಂಬಿ ಎಂದು ನಾನು ಹೇಳುವುದಿಲ್ಲ. 2011ರಲ್ಲಿ ಎದುರು ತಂಡದ ಹುಡುಗನೊಬ್ಬನ ಗಡ್ಡ, ಭುಜ ನೋಡಿ ನಾನು ಶುಲ್ಕ ಕಟ್ಟಿ ತಕರಾರು ಸಲ್ಲಿಸಿದೆ. ಆಟ ನಿಂತಿತು. ಹುಡುಗನನ್ನು ಎಲ್ಲರೆದುರು ನಿಲ್ಲಿಸಿ ಹಲ್ಲು ನೋಡಿದರು, ಕೆನ್ನೆ ಮುಟ್ಟಿ ನೋಡಿದರು. ಅವನ ಊರಿನಿಂದ ಒಂದನೇ ತರಗತಿಯ ದಾಖಲಾತಿ ವಹಿಯನ್ನೇ ಬೈಕಿನಲ್ಲಿ ತಂದರು. ಅವನಿಗೆ ಹದಿನೈದು ವರ್ಷ ಐದು ತಿಂಗಳು. ಅಷ್ಟರಲ್ಲಿ ಹುಡುಗ ಅತ್ತೂ ಅತ್ತೂ ಆಡುವ ಸ್ಥಿತಿಯಲ್ಲಿರಲಿಲ್ಲ. ನಾವು ಗೆದ್ದೆವು. ಆ ಟ್ರೋಫಿಯನ್ನು ನಾನು ಶಾಲೆಯ ಕಪಾಟಿನಲ್ಲಿ ಇಡಲು ಬಿಡಲಿಲ್ಲ.

ಎಲುಬಿನ ಪರೀಕ್ಷೆ ಮಾಡಿಸಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ತೆಗೆದು, ಎಲುಬಿನ ತುದಿಗಳು ಎಷ್ಟರಮಟ್ಟಿಗೆ ಕೂಡಿಕೊಂಡಿವೆ ಎಂದು ನೋಡಿ ವಯಸ್ಸು ಅಂದಾಜು ಮಾಡುವ ಟಿಡಬ್ಲ್ಯು3 ವಿಧಾನವನ್ನು ಕ್ರಿಕೆಟ್ ಮಂಡಳಿ ಹಲವು ವರ್ಷಗಳಿಂದ ಬಳಸುತ್ತಿದೆ. ಆದರೆ ಅಲ್ಲಿ ಅದು 16 ವರ್ಷದೊಳಗಿನ ಹುಡುಗರಿಗೆ, 15 ವರ್ಷದೊಳಗಿನ ಹುಡುಗಿಯರಿಗೆ. ಅದಕ್ಕೆ ಕಾರಣವಿದೆ. ಆ ಅಳತೆಗೋಲು ಹುಡುಗರಲ್ಲಿ ಹದಿನಾರೂವರೆಗೆ, ಹುಡುಗಿಯರಲ್ಲಿ ಹದಿನೈದಕ್ಕೆ ಮುಗಿದುಹೋಗುತ್ತದೆ. ಎಲುಬು ಪೂರ್ತಿ ಕೂಡಿದ ಮೇಲೆ ಹದಿನೇಳೂ ಒಂದೇ, ಇಪ್ಪತ್ತೂ ಒಂದೇ. ಹಾಗಾಗಿ ನಮ್ಮ ಹೈಸ್ಕೂಲಿನ ವಿಭಾಗಕ್ಕೆ ಅದು ಹೊಂದುವುದೇ ಇಲ್ಲ. ಚಿಕ್ಕ ಮಕ್ಕಳಲ್ಲಿಯೂ ಎಲುಬಿನ ವಯಸ್ಸು ಹುಟ್ಟಿದ ವಯಸ್ಸಿಗಿಂತ ಒಂದು ವರ್ಷ ಹಿಂದೆ ಮುಂದೆ ಇರುವುದು ಸಹಜ. ಯಂತ್ರದ ಮಾತು ಕೇಳಿ ಇನ್ನೊಬ್ಬ ಹುಡುಗನನ್ನು ಮೈದಾನದ ನಡುವೆ ಅಳಿಸುವುದು ನನಗೆ ಬೇಡ.

ಈ ಪಿಡುಗಿನ ಬಗ್ಗೆ ದೊಡ್ಡವರು ಮಾತಾಡಿಲ್ಲವೆಂದಲ್ಲ. ಕೇಂದ್ರ ಕ್ರೀಡಾ ಸಚಿವಾಲಯ ವಯಸ್ಸಿನ ವಂಚನೆಯ ವಿರುದ್ಧ 2010ರಲ್ಲೇ ರಾಷ್ಟ್ರೀಯ ಸಂಹಿತೆ ತಂದಿತು. 2025ರ ಮಾರ್ಚ್‌ನಲ್ಲಿ ಹೊಸ ಕರಡು ಪ್ರಕಟಿಸಿ ಜನರ ಅಭಿಪ್ರಾಯ ಕೇಳಿತು. ನಮ್ಮವರೇ ಆದ ರಾಹುಲ್ ದ್ರಾವಿಡ್ 2015ರ ಡಿಸೆಂಬರ್‌ನಲ್ಲಿ ದೆಹಲಿಯ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಇದನ್ನೇ ಎತ್ತಿ, ಹೆಚ್ಚು ವಯಸ್ಸಿನವನ ಎದುರು ಪ್ರಾಮಾಣಿಕ ಹುಡುಗ ಅವಕಾಶ ಕಳೆದುಕೊಳ್ಳುತ್ತಾನೆ ಎಂದು ನೊಂದು ಹೇಳಿದ್ದರು. ಆ ಮಾತಿಗೆ ನನ್ನದೊಂದು ಸೇರ್ಪಡೆ: ಪ್ರಾಮಾಣಿಕ ಮಕ್ಕಳು ಎದುರಾಳಿಯ ಸುಳ್ಳಿನಿಂದ ಸೋಲುವುದು ಒಂದು ಬಗೆ, ತಮ್ಮದೇ ನಿಜದಿಂದ ಹೊರಗುಳಿಯುವುದು ಇನ್ನೊಂದು ಬಗೆ. ಎರಡನೆಯವರನ್ನು ಯಾವ ಸಂಹಿತೆಯೂ ಎಣಿಸುವುದಿಲ್ಲ. ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಕರೆತನ್ನಿ ಎಂದು ಇಲಾಖೆಯೇ ನಮ್ಮನ್ನು ಮನೆಮನೆಗೆ ಕಳಿಸುತ್ತದೆ. ಕರೆತಂದ ಮಗು ಆಡುವ ಹೊತ್ತಿಗೆ ವಯಸ್ಸು ಮೀರಿದೆ ಎನ್ನುತ್ತದೆ.

ನಾನು ಕೇಳುವುದು ಹೆಚ್ಚಿನದಲ್ಲ. ಹದಿನೇಳರ ಮಿತಿಯನ್ನು ಸಡಿಲಿಸಬೇಡಿ. ಹದಿಮೂರರ ಮಗುವಿನ ಎದುರು ಹದಿನೆಂಟರವರು ಆಡುವುದು ನ್ಯಾಯವಲ್ಲ, ಕಬಡ್ಡಿ, ಕುಸ್ತಿಯಲ್ಲಂತೂ ಅಪಾಯ. ಆದರೆ 19 ವರ್ಷದೊಳಗಿನವರ ವಿಭಾಗದಲ್ಲಿ ವಯಸ್ಸು ಹೊಂದುವ ಹೈಸ್ಕೂಲು ವಿದ್ಯಾರ್ಥಿಗಳಿಗೂ ಜಾಗ ಕೊಡಿ. ತನಗಿಂತ ದೊಡ್ಡವರ ಜೊತೆ ಆಡಿ ಸೋತರೆ ಸೋಲಲಿ, ಅದರಿಂದ ಯಾರಿಗೂ ಅನ್ಯಾಯವಾಗುವುದಿಲ್ಲ. ಶಾಲಾ ಶಿಕ್ಷಣವೂ ಪದವಿಪೂರ್ವ ಶಿಕ್ಷಣವೂ ಇರುವುದು ಒಬ್ಬರೇ ಸಚಿವರ ಬಳಿ. ಒಂದು ಸುತ್ತೋಲೆ ಸಾಕು.

ವಂಚನೆ ತಡೆಯಲು ಎಕ್ಸ್‌ರೇಗಿಂತ ಅಗ್ಗದ ದಾರಿಯೂ ನಮ್ಮಲ್ಲಿದೆ. ಈಗ ಹೈಸ್ಕೂಲಿನಲ್ಲಿರುವ ಮಕ್ಕಳ ವಿವರ ಪ್ರಾಥಮಿಕ ಶಾಲೆಯ ಕಾಲದಿಂದಲೇ ಸ್ಯಾಟ್ಸ್‌ನಲ್ಲಿದೆ. ಮೊದಲು ದಾಖಲಾದ ದಿನಾಂಕ ಯಾವುದೋ ಕ್ರೀಡೆಗೆ ಅದೇ ಕೊನೆಯ ಮಾತು ಎಂದು ನಿಯಮ ಮಾಡಲಿ. ಹೋಬಳಿ ಕ್ರೀಡಾಕೂಟಕ್ಕೆ ಹದಿನೈದು ದಿನ ಮೊದಲೇ ಎಲ್ಲ ಶಾಲೆಗಳ ಆಟಗಾರರ ಪಟ್ಟಿಯನ್ನು, ಓದಿದ ಹಿಂದಿನ ಶಾಲೆಗಳ ಹೆಸರಿನೊಂದಿಗೆ, ಎಲ್ಲರಿಗೂ ಕಾಣುವಂತೆ ಅಂಟಿಸಲಿ. ತಕರಾರು ಇದ್ದವರು ಆಗಲೇ ಹೇಳಲಿ. ಆಟದ ದಿನ ಮೈದಾನದಲ್ಲಿ ಮಗುವಿನ ಮುಖ ನೋಡಿ ವಯಸ್ಸು ಅಳೆಯುವುದು ನಿಲ್ಲಲಿ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋ ಮೊದಲ ವಿಶ್ವಕಪ್ ನಡೆದಾಗ ಆ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ನನ್ನ ಮೊಬೈಲಿನಲ್ಲಿ ಆಟ ನೋಡಿದಳು. ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. 'ಅವರೂ ಹಳ್ಳಿಯವರಾ ಸರ್?' ಎಂದು ಎರಡು ಸಲ ಕೇಳಿದಳು. ಎಸ್‌ಎಸ್‌ಎಲ್‌ಸಿ ಪಾಸಾಗಿ ಈಗ ಪ್ರಥಮ ಪಿಯುಸಿಯಲ್ಲಿದ್ದಾಳೆ. 2025ರ ಡಿಸೆಂಬರ್‌ಗೆ ಹದಿನೆಂಟು ವರ್ಷ ಮೂರು ತಿಂಗಳು, ಆದ್ದರಿಂದ ಈ ವರ್ಷ ಕಾಲೇಜು ತಂಡದಲ್ಲಿ ಆಡಬಹುದು. ದ್ವಿತೀಯ ಪಿಯುಸಿಯ ವರ್ಷದ ಡಿಸೆಂಬರ್ ಹೊತ್ತಿಗೆ ಹತ್ತೊಂಬತ್ತು ದಾಟಿರುತ್ತದೆ. ಅವಳಿಗೆ ಉಳಿದಿರುವುದು ಇದೊಂದೇ ಹಂಗಾಮು. ಕಳೆದ ವಾರ ಅವಳ ಅಜ್ಜಿ ಸಂತೆಯಲ್ಲಿ ಸಿಕ್ಕಿ, ಈ ಸಲ ಕಬ್ಬಿಗೆ ಅವಳನ್ನು ಕಳಿಸುವುದಿಲ್ಲ ಎಂದರು.

— ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಹರಪನಹಳ್ಳಿ ತಾಲ್ಲೂಕು