ಬ್ರೋಚ್ ಸಿಕ್ಕಿದ ವಿಷಯ, ಎಲ್ರೂ ಓದಿ

ಎಲ್ರಿಗೂ ನಮಸ್ಕಾರ 🙏 ನಿನ್ನೆ ಭಾನುವಾರ ನೆಲದಡಿಯ ಲೋಹ ಹುಡುಕೋ ಡಿಟೆಕ್ಟರ್ ಹಿಡ್ಕೊಂಡು ಹೊಲಕ್ಕೆ ಹೋಗಿದ್ವಲ್ಲ, ನಮ್ಮವರೊಬ್ರಿಗೆ ಬೆಳ್ಳಿ ಬ್ರೋಚ್ (ಬಟ್ಟೆಗೆ ಚುಚ್ಕೊಳ್ಳೋ ಒಡವೆ) ಸಿಕ್ಕಿದೆ! ಒಂದ್ರೂಪಾಯಿ ನಾಣ್ಯದಷ್ಟಗಲದ ಬಳೆ ಥರ, ಸುತ್ತ ಆವೆ ಮರಿಯಾ (ಮೇರಿ ಮಾತೆಗೆ ನಮಸ್ಕಾರ) ಅಂತ ಲ್ಯಾಟಿನ್‌ನಲ್ಲಿ ಕೊರೆದಿದ್ದಾರೆ, ಸೂಜಿ ಇನ್ನೂ ಅಲ್ಲಾಡತ್ತೆ. 13-14ನೇ ಶತಮಾನದ್ದಿರಬೇಕು, ನೋಡಿ ಮೈ ಜುಂ ಅಂತು.

ಆದ್ರೆ ಇಂಗ್ಲೆಂಡಲ್ಲಿ 1996ರ ಟ್ರೆಷರ್ ಆಕ್ಟ್ ಅಂತ ನಿಧಿ ಕಾಯ್ದೆ ಇದೆ. 300 ವರ್ಷ ದಾಟಿದ, ಕನಿಷ್ಠ 10% ಚಿನ್ನ ಅಥವಾ ಬೆಳ್ಳಿ ಇರೋ ಇಂಥ ಒಡವೆ ಸಿಕ್ರೆ 14 ದಿನದೊಳಗೆ ಕಾರೊನರ್‌ಗೆ (ಇಂಥ ನಿಧಿಗಳ ವಿಚಾರಣೆ ಮಾಡೋ ಅಧಿಕಾರಿ) ತಿಳಿಸ್ಲೇಬೇಕು, ಬಚ್ಚಿಟ್ರೆ ಅಪರಾಧ. ನಮ್ಮ ಕೌಂಟಿ (ಜಿಲ್ಲೆ) ಫೈಂಡ್ಸ್ ಲಯಾಸನ್ ಆಫೀಸರ್, ಅಂದ್ರೆ ಸಿಕ್ಕಿದ ಹಳೇ ವಸ್ತುಗಳನ್ನ ದಾಖಲಿಸೋ ಅಧಿಕಾರಿ ಹತ್ರ ಈ ವಾರವೇ ತಗೊಂಡು ಹೋಗ್ತೀವಿ. ಮ್ಯೂಸಿಯಂನವ್ರು ತಗೊಂಡ್ರೆ ಬರೋ ಹಣ ಸಾಮಾನ್ಯವಾಗಿ ಹೊಲದ ಮಾಲೀಕರಿಗೂ ಹುಡುಕಿದವರಿಗೂ ಹಂಚಿಕೆ ಆಗತ್ತೆ.

ಏನೇ ಸಿಕ್ರೂ ದಯವಿಟ್ಟು ತೊಳೀಬೇಡಿ, ಮನೆ ಬೆಳ್ಳಿ ದೀಪದ ಥರ ವಿಭೂತಿ ಹಾಕಿ ಉಜ್ಜೋದಂತೂ ಬೇಡ್ವೇ ಬೇಡ, ಹಳೇ ಗಿಲೀಟು ಹೋಗ್ಬಿಡತ್ತೆ. ಸಿಕ್ಕಿದ ಜಾಗದ ಗ್ರಿಡ್ ನಂಬರ್ (ನಕ್ಷೇಲಿ ಜಾಗ ಗುರುತಿಸೋ ಸಂಖ್ಯೆ) ಬರ್ಕೊಳ್ಳಿ ಆದ್ರೆ ಫೇಸ್‌ಬುಕ್ಕಲ್ಲಿ ಜಾಗ ಹಾಕ್ಬೇಡಿ, ರಾತ್ರಿ ಕದ್ದು ಅಗೆಯೋರು ಬರ್ತಾರೆ.

ನಿನ್ನೆ ಬಂದಿದ್ದವ್ರೆಲ್ಲ ನಿಮಗೆ ಸಿಕ್ಕಿದ್ದು ಸಣ್ಣ ಅಂಗಿ ಗುಂಡಿಯಾದ್ರೂ ಸರಿ, ಬುಧವಾರ ಸಂಜೆಯೊಳಗೆ ನಂಗೆ ಫೋಟೋ ಕಳ್ಸಿ. ಓದಿದ್ಮೇಲೆ ಇಲ್ಲೇ ಒಂದು ರಿಪ್ಲೈ ಹಾಕಿ.